ಕಲಬುರಗಿಯಲ್ಲಿ ಸಮುದ್ರ ಎಲ್ಲಿದೆ?

ಶಾಲು ಹೊದಿಸಿಕೊಂಡವರು ಏನಾದರೊಂದು ಪ್ರಶ್ನೆ ಕೇಳಲೇಬೇಕೆಂಬ ಪದ್ಧತಿ ನಮ್ಮ ಕಾಲೇಜುಗಳಲ್ಲಿದೆ. ಮೊನ್ನೆ ನಮ್ಮ ವಿಭಾಗದ ವಿದ್ಯಾರ್ಥಿ ಸೆಮಿನಾರಿನಲ್ಲಿ ಜೇವರ್ಗಿ ಕಡೆಯ ಹುಡುಗಿಯೊಬ್ಬಳು ಬ್ರೆಜಿಲ್ಲಿನ ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಏಡಿಗಳ ರೋಗದ ಬಗ್ಗೆ ಮಾತು ಮುಗಿಸಿದಳು. ನಿವೃತ್ತ ಪ್ರಾಧ್ಯಾಪಕರಾದ ಅತಿಥಿಗಳು ಕೇಳಿದರು: "ಅಲ್ಲಮ್ಮಾ, ಕಲಬುರಗಿಯಲ್ಲಿ ಸಮುದ್ರ ಎಲ್ಲಿದೆ?"

ಸಭೆ ನಕ್ಕಿತು. ಊಟದ ಹೊತ್ತಿಗೆ ಸಭೆ ಯಾವುದಕ್ಕೂ ನಗುತ್ತದೆ.

ಹುಡುಗಿ ನಗಲಿಲ್ಲ. "ಸಮುದ್ರ ಇಲ್ಲ ಸರ್, ತೊಗರಿಗೆ ನೆಟೆ ರೋಗ ಇದೆ" ಎಂದಳು.

ವಾರವಿಡೀ ಆ ಮಾತು ನನ್ನನ್ನು ಬಿಟ್ಟಿಲ್ಲ. ಅದಕ್ಕೂ ಮೊದಲು ಅವಳು ತೋರಿಸಿದ್ದೂ ಬಿಟ್ಟಿಲ್ಲ. ಪ್ರೊಜೆಕ್ಟರ್ ಕೈಕೊಟ್ಟಿತ್ತು. ರೋಗ ತಗುಲಿದ ಏಡಿ ಅಂಗಾತ ಬಿದ್ದರೆ ಮತ್ತೆ ಮಗುಚಿಕೊಳ್ಳಲಾರದು ಎನ್ನುವುದನ್ನು ಅಂಗೈ ಮೇಲೆ ಮಾಡಿ, ಬೆರಳುಗಳನ್ನು ಸುಮ್ಮನೆ ಗಾಳಿಯಲ್ಲಿ ಆಡಿಸಿ ತೋರಿಸಿದ್ದಳು. ಆ ಬೆರಳುಗಳಿಗೆ ಯಾವ ಆತುರವೂ ಇರಲಿಲ್ಲ. ರೋಗದ ಲಕ್ಷಣವೇ ಅದು. ಕಪ್ಪು ಯೀಸ್ಟ್ ಜಾತಿಯ ಶಿಲೀಂಧ್ರವೊಂದು ಏಡಿಯ ಒಳಹೊಕ್ಕು ಕಿವಿರು, ಹೃದಯ, ನರಗಳವರೆಗೆ ಹಬ್ಬುತ್ತದೆ. ಕಾಲುಗಳು ಹೇಳಿದ ಮಾತು ಕೇಳುವುದಿಲ್ಲ. ಓಡಿ ಬಿಲ ಸೇರಬೇಕಾದ ಪ್ರಾಣಿ ಮಂಕು ಬಡಿದು ಕೂರುತ್ತದೆ, ಸಾಯುತ್ತದೆ.

ಈ ಏಡಿ ಉದುರಿದ ಕಾಂಡ್ಲಾ ಎಲೆಗಳನ್ನು ಬಿಲಕ್ಕೆ ಎಳೆದೊಯ್ದು ತಿನ್ನುತ್ತದೆ, ಕೆಸರನ್ನು ತೋಡಿ ಬೇರುಗಳಿಗೆ ಗಾಳಿಯಾಡಿಸುತ್ತದೆ. ಬೆಳೆಯುವುದು ಬಲು ನಿಧಾನ. ಮಾರಾಟದ ಗಾತ್ರಕ್ಕೆ ಬರಲು ವರ್ಷಗಳೇ ಬೇಕು. ಭುಜದವರೆಗೆ ಕೆಸರಿನಲ್ಲಿ ಕೈ ಇಳಿಸಿ ಅದನ್ನು ಹಿಡಿದು ಬದುಕುವ ಬಡ ಕುಟುಂಬಗಳು ಬ್ರೆಜಿಲ್ಲಿನ ಕರಾವಳಿಯುದ್ದಕ್ಕೂ ಇವೆ. ಆ ದೇಶದ ಈಶಾನ್ಯ ಭಾಗದಲ್ಲಿ ಏಡಿಗಳ ಸಾಮೂಹಿಕ ಸಾವು ಕಾಣಿಸಿಕೊಂಡದ್ದು 1997ರಲ್ಲಿ. ಶಿಲೀಂಧ್ರವೇ ಕಾರಣ ಎಂದು ಸಂಶೋಧಕರು ಪ್ರಕಟಿಸಿದ್ದು 2005ರಲ್ಲಿ. ಅದಕ್ಕೆ ಎಕ್ಸೋಫಿಯಾಲ ಕ್ಯಾನ್ಸೆರೇ ಎಂಬ ಹೆಸರು ಬಿದ್ದದ್ದು 2011ರಲ್ಲಿ. ಅಷ್ಟರಲ್ಲಿ ರೋಗ ದಕ್ಷಿಣಕ್ಕೆ ಬಾಹಿಯಾ ದಾಟಿಯಾಗಿತ್ತು. ನಡುವಿನ ವರ್ಷಗಳಲ್ಲಿ ಬುಟ್ಟಿ ಖಾಲಿಯಾದವರು ಏನು ತಿಂದರು ಎಂಬುದು ಯಾವ ಸಂಶೋಧನಾ ಪ್ರಬಂಧದ ಶೀರ್ಷಿಕೆಯೂ ಆಗುವುದಿಲ್ಲ.

ನೆಟೆ ರೋಗದ ಮಾತು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ನೆಲದಲ್ಲಿ ತೇವ ಇದ್ದಾಗಲೇ ಹೂವಾಡುವ ತೊಗರಿ ನಿಂತಲ್ಲೇ ಬಾಡುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಏರಿ ನೀರಿನ ನಾಳಗಳನ್ನೇ ಮುಚ್ಚಿಬಿಡುತ್ತದೆ. ಹುಡುಗಿಯ ಮುತ್ಯಾ ಹೀಗೆ ಸೀಳಿದ ಕಾಂಡಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಕಚೇರಿಯೊಂದಕ್ಕೆ ಹೋಗಿದ್ದರಂತೆ. "ನೀರು ಹೆಚ್ಚಾಗಿರಬೇಕು, ಯಜಮಾನರೇ" ಎಂದು ಕಳುಹಿಸಿದರಂತೆ. ಕಾಂಡವನ್ನು ಕೈಯಲ್ಲಿ ಹಿಡಿದೂ ನೋಡದವರ ಮೇಲೆ ನನಗೆ ಈಗಲೂ ಸಿಟ್ಟಿದೆ, ಅವರು ಯಾರೆಂದು ಗೊತ್ತಿಲ್ಲದಿದ್ದರೂ.

ಆದರೂ ಮುತ್ಯಾನಿಗೆ ದಾರಿಗಳಿದ್ದವು. ರೋಗ ತಡೆಯುವ 'ಮಾರುತಿ'ಯಂಥ ತಳಿ ಇದೆ, ರೋಗದ ಶಿಲೀಂಧ್ರವನ್ನು ತಡೆಯುವ ಇನ್ನೊಂದು ಶಿಲೀಂಧ್ರ ಟ್ರೈಕೋಡರ್ಮವನ್ನು ಬೀಜಕ್ಕೆ ಲೇಪಿಸಬಹುದು, ಒಂದೆರಡು ವರ್ಷ ತೊಗರಿ ಬಿಟ್ಟು ಜೋಳ ಹಾಕಬಹುದು. ಕಾಡಿನ ಏಡಿಗೆ ಬೀಜೋಪಚಾರ ಮಾಡುವವರು ಯಾರು? ಕೆಸರಿಗೆ ಬೆಳೆ ಬದಲಿಸುವುದು ಹೇಗೆ? ಉಳಿದಿರುವುದು ಹಿಡಿಯುವ ಕೈಯನ್ನು ತಡೆಯುವುದೊಂದೇ, ಅಂದರೆ ಮತ್ತೆ ಅದೇ ಬಡವನ ಕೈಯನ್ನು. ಹುಡುಗಿ ಇದನ್ನೂ ಹೇಳಿದಳು. ಅಷ್ಟರಲ್ಲಿ ಅತಿಥಿಗಳು ಗಡಿಯಾರ ನೋಡಿಕೊಂಡರು.

ಅವರು ಕೆಟ್ಟವರಲ್ಲ. ಓದಿಕೊಂಡವರು, ನನಗೂ ಒಂದು ಕಾಲಕ್ಕೆ ಪಾಠ ಹೇಳಿದವರು. ಹೊರಡುವಾಗ ನಾವು ಕೊಟ್ಟ ಚೀಲದಲ್ಲಿ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ನಮ್ಮ ತೊಗರಿಯ ಬೇಳೆಯಿತ್ತು; ಬೇಗ ಬೇಯುತ್ತದೆ ಎಂದು ಹೊಗಳಿದರು. ಹುಡುಗಿಯ ಅಂಕಪಟ್ಟಿಯಲ್ಲಿ 'ವಿಷಯಕ್ಕೆ ಸ್ಥಳೀಯ ಪ್ರಸ್ತುತತೆ ಇಲ್ಲ' ಎಂದು ಬರೆದಿದ್ದರು. ಮೊದಲ ಬಹುಮಾನ ಹಿಮಕರಡಿಗಳ ಬಗ್ಗೆ ಮಾತನಾಡಿದ ಹುಡುಗನಿಗೆ ಹೋಯಿತು.