ಕೆಂಪಗಾಗಿದೆ, ಹಣ್ಣಾಗಿಲ್ಲ

ದಾವಣಗೆರೆಯಿಂದ ಬಂದಿರುವ ದೊಡ್ಡಮ್ಮ ಪಕ್ಕದ ಮನೆಯವರ ಸೇಬಿನ ಮರದಲ್ಲಿ ಎಲ್ಲಕ್ಕಿಂತ ಕೆಂಪಗಿದ್ದ ಹಣ್ಣಿಗೆ ಕೈ ಹಾಕಿದರು. ಆ ಮನೆಯ ಏಳು ವರ್ಷದ ಹುಡುಗಿ ಓಡಿ ಬಂದು ತಡೆದಳು: "ಅದು ಕೆಂಪಗಾಗಿದೆ ಅಷ್ಟೇ, ಇನ್ನೂ ಹಣ್ಣಾಗಿಲ್ಲ." ಕನ್ನಡಕ್ಕೆ ತಿರುಗಿಸಿ ಹೇಳಿದಾಗ ದೊಡ್ಡಮ್ಮನಿಗೆ ನಗು. "ಕೆಂಪಗಾದ ಮ್ಯಾಲೆ ಹಣ್ಣಲ್ದೆ ಇನ್ನೇನು?"

ಹುಡುಗಿ ಹೇಳಿದ್ದೇ ಸರಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನ ಈ ಬಡಾವಣೆಯಲ್ಲಿ ಸೆಪ್ಟೆಂಬರ್ ಮೊದಲ ವಾರ. ಅದು ಲಿಬರ್ಟಿ ಎಂಬ ತಳಿ. ಬಲಿಯುವ ಎಷ್ಟೋ ದಿನ ಮೊದಲೇ ಗಾಢ ಕೆಂಪಾಗುತ್ತದೆ, ತಿನ್ನಲು ತಿಂಗಳ ಕೊನೆಯವರೆಗೆ ಕಾಯಬೇಕು. ಅವಳು ಹಣ್ಣನ್ನು ಕೊಂಬೆಯಲ್ಲೇ ಮೇಲೆತ್ತಿ ಬುಡ ತೋರಿಸಿದಳು. ಬಿಸಿಲು ತಾಗದ ಕಡೆ ಇನ್ನೂ ಪಾಚಿಹಸಿರು.

ನೋಡಬೇಕಾದದ್ದು ಆ ಅಡಿಬಣ್ಣವನ್ನೇ. ಸಿಪ್ಪೆಯ ಕೆಂಪು ಆಂಥೋಸಯನಿನ್ ಎಂಬ ಬಣ್ಣವಸ್ತುವಿನದು. ಬಿಸಿಲು ಬಿದ್ದು, ರಾತ್ರಿ ತಣ್ಣಗಿದ್ದರೆ ಅದು ಏರುತ್ತದೆ. ಒಳಗಿನ ಮಾಗುವಿಕೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಮಾಗುತ್ತಿದ್ದಂತೆ ಕರಗುವುದು ಹಸಿರು. ಅದು ಹೋದಲ್ಲಿ ಕೆನೆಹಳದಿ ಕಾಣುತ್ತದೆ. ಇನ್ನೂ ಎರಡು ಗುರುತುಗಳಿವೆ. ಕೊಯ್ದು ನೋಡಿದರೆ ಬೀಜ ಕಂದಾಗಿರಬೇಕು (ಬೇಗ ಬರುವ ಕೆಲವು ತಳಿಗಳಲ್ಲಿ ಇದು ನಂಬಿಕೆಗೆ ಬರುವುದಿಲ್ಲ). ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ಸ್ವಲ್ಪ ತಿರುವಿದರೆ ತೊಟ್ಟು ತಾನಾಗಿ ಬಿಡಬೇಕು. ಎಳೆದು ಕೀಳಬಾರದು. ತೊಟ್ಟು ಕೂತಿರುವ ಗಿಡ್ಡ, ಗಂಟುಗಂಟಾದ ಕಡ್ಡಿಯಲ್ಲೇ ಬರುವ ವರ್ಷದ ಹೂಮೊಗ್ಗು ಇರುತ್ತದೆ. ಅದು ಮುರಿದರೆ ಆ ಜಾಗದ ಮುಂದಿನ ಫಸಲೂ ಹೋಯಿತು.

ತೋಟದವರು ಇನ್ನೂ ಖಚಿತವಾಗಿ ಅಳೆಯುತ್ತಾರೆ. ಹಣ್ಣನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ಕೊಯ್ದ ಮುಖಕ್ಕೆ ಅಯೋಡಿನ್ ದ್ರಾವಣ ಹಚ್ಚಿ ಒಂದು ನಿಮಿಷ ಬಿಡುತ್ತಾರೆ. ಪಿಷ್ಟ ಇರುವ ಕಡೆ ಕಪ್ಪು ನೀಲಿ ಏರುತ್ತದೆ. ಪಿಷ್ಟ ಸಕ್ಕರೆಯಾಗುವುದು ನಡುವಿನಿಂದ ಹೊರಕ್ಕೆ. ಹಾಗಾಗಿ ಹೋಳೆಲ್ಲ ಕಪ್ಪಾದರೆ ಅದಿನ್ನೂ ಕಾಯಿ. ಬೀಜದ ಸುತ್ತ ಬೆಳ್ಳಗಾಗಿ ಹೊರಗೆ ಕಪ್ಪುಳಿದರೆ ಕಿತ್ತು ದಾಸ್ತಾನಿಡಲು ಹದ. ಸಿಪ್ಪೆಯ ಅಂಚಿನಲ್ಲಷ್ಟೇ ಕಪ್ಪಿದ್ದರೆ ಅದೇ ವಾರ ತಿನ್ನಬೇಕು. ಪರೀಕ್ಷಿಸಿದ ಹೋಳು ಕಸಕ್ಕೆ ಹೋಗಬೇಕು, ಬಾಯಿಗಲ್ಲ.

"ಹಾಗಾದ್ರೆ ಕಿತ್ತು ಅಕ್ಕಿ ಡಬ್ಬಿಯಾಗೆ ಇಡ್ರಿ, ಹಣ್ಣಾಗ್ತೈತಿ" ಎಂಬುದು ದೊಡ್ಡಮ್ಮನ ಮುಂದಿನ ಸಲಹೆ. ಬಲಿತ ಕಾಯಾದರೆ ಆಗುತ್ತದೆ. ಮಾವಿನಂತೆಯೇ ಸೇಬೂ ಎಥಿಲೀನ್ ಅನಿಲ ಬಿಟ್ಟು, ಕಿತ್ತ ಮೇಲೂ ಮಾಗುವ ಜಾತಿ. ಎಳೆಯದನ್ನು ಕಿತ್ತರೆ ಮಾತ್ರ ಸುಕ್ಕುಗಟ್ಟುತ್ತದೆಯೇ ಹೊರತು ರುಚಿ ಬರುವುದಿಲ್ಲ. ಇದೇ ಎಥಿಲೀನ್ ಕಾರಣಕ್ಕೆ ಫ್ರಿಜ್‌ನಲ್ಲಿ ಸೇಬಿನ ಜೊತೆ ಕ್ಯಾರೆಟ್ ಇಟ್ಟರೆ ಕಹಿಯಾಗುತ್ತದೆ, ಸೊಪ್ಪು ಬೇಗ ಹಳದಿಗೆ ತಿರುಗುತ್ತದೆ. ಬಾಳೆಕಾಯಿ ಹಣ್ಣು ಮಾಡಬೇಕಿದ್ದರೆ ಒಂದು ಸೇಬು ಜೊತೆಗಿಟ್ಟು ಕಾಗದದ ಚೀಲ ಮುಚ್ಚಿದರೆ ಸಾಕು.

ಊರಿನವರು ಫೋನಿನಲ್ಲಿ ತಪ್ಪದೇ ಹೇಳುವ ಮಾತೊಂದಿದೆ: "ನಿಮಗೇನಪ್ಪ, ವರ್ಷವಿಡೀ ಮರದಿಂದ ಕಿತ್ತ ಸೇಬು." ಹಾಗೇನಿಲ್ಲ. ಜುಲೈನಲ್ಲಿ ಇಲ್ಲಿನ ಅಂಗಡಿಯಲ್ಲಿ ಸಿಗುವ ವಾಷಿಂಗ್ಟನ್ ಸೇಬು ಹಿಂದಿನ ಶರತ್ಕಾಲದಲ್ಲಿ ಕಿತ್ತದ್ದು. ಗಾಳಿಯಾಡದ ಕೋಣೆಯಲ್ಲಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿಟ್ಟು, ಆಮ್ಲಜನಕವನ್ನು 21 ಶೇಕಡಾದಿಂದ 1–2ಕ್ಕೆ ಇಳಿಸಿದರೆ ಹಣ್ಣಿನ ಉಸಿರಾಟ ನಿಧಾನವಾಗಿ, ತಳಿ ಗಟ್ಟಿಯಿದ್ದರೆ ಹತ್ತು ತಿಂಗಳೂ ಬಾಳುತ್ತದೆ. ಇದರಲ್ಲಿ ಮೋಸವೇನಿಲ್ಲ. ಆದರೆ ಕೋಣೆಯಿಂದ ಹೊರಬಂದ ಮೇಲೆ ಅದಕ್ಕೆ ಆಯುಷ್ಯ ಕಡಿಮೆ. ಅಡುಗೆಮನೆಯ ಬುಟ್ಟಿಯಲ್ಲಿ ಅಂದಕ್ಕೆ ಜೋಡಿಸಿಟ್ಟರೆ ಬೇಗನೆ ಹಿಟ್ಟುಹಿಟ್ಟಾಗುತ್ತದೆ. ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಸಡಿಲವಾಗಿ, ಕಚ್ಚಿದಾಗ ಕೋಶಗಳು ಒಡೆಯದೆ ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ; ರಸ ಒಳಗೇ ಉಳಿದು ಬಾಯಿಗೆ ಬರೀ ಪುಡಿ ಸಿಗುತ್ತದೆ. ತೂತಿರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್‌ನ ಕೆಳಗಿನ ಡ್ರಾಯರ್‌ನಲ್ಲಿಡುವುದೇ ಸರಿ.

ಕೆಂಪಿನ ಮೋಹ ನಮ್ಮದೊಂದೇ ಅಲ್ಲ. ಅಯೋವಾ ರಾಜ್ಯದ ಜೆಸ್ಸಿ ಹಯಾಟ್ ಎಂಬ ರೈತನ ಹೊಲದಲ್ಲಿ 1870ರ ದಶಕದಲ್ಲಿ ತಾನಾಗಿ ಹುಟ್ಟಿದ ಗಿಡವೇ ರೆಡ್ ಡೆಲಿಷಸ್ ಎಂಬ ಸೇಬಿನ ತಳಿಯ ಮೂಲ. ಆಗ ಅದರ ಹಣ್ಣು ಹಳದಿ ಮೈಯಲ್ಲಿ ಕೆಂಪು ಗೀರಿನದು. ಸ್ಟಾರ್ಕ್ ನರ್ಸರಿಯವರು ಅದರ ಹಕ್ಕು ಕೊಂಡ ಮೇಲೆ, ಎಲ್ಲಾದರೂ ಒಂದು ಕೊಂಬೆ ಹೆಚ್ಚು ಕೆಂಪು ಬಿಟ್ಟರೆ ಆ ಕೊಂಬೆಯನ್ನೇ ಕಸಿಗೆ ಆರಿಸುತ್ತ ಹೋದರು ಬೆಳೆಗಾರರು. ದಶಕಗಳಲ್ಲಿ ಬಣ್ಣ ಏರಿತು, ಸಿಪ್ಪೆ ದಪ್ಪವಾಯಿತು, ರುಚಿ ಇಳಿಯಿತು. ಬಲಿಯುವ ಮೊದಲೇ ಕೆಂಪಾಗುವುದರಿಂದ ಬೇಗ ಕೀಳುವ ಆಸೆಯೂ ಸೇರಿಕೊಂಡಿತು. ಅಮೆರಿಕದ ಸೇಬಿನ ಬೆಳೆಯಲ್ಲಿ ಅದರ ಮೊದಲ ಸ್ಥಾನ 2018ರಲ್ಲಿ ಗಾಲಾ ತಳಿಗೆ ಹೋಯಿತು.

ಇಲ್ಲಿನವರು ಕೈಬಿಡುತ್ತಿದ್ದ ಹಣ್ಣಿಗೆ ದೊಡ್ಡ ಗಿರಾಕಿಗಳಲ್ಲಿ ಭಾರತವೂ ಒಂದಾಗಿತ್ತು. ಬೆಂಗಳೂರಿನ ಅಂಗಡಿಯಲ್ಲಿ ಸ್ಟಿಕರ್ ಅಂಟಿಸಿಕೊಂಡು ಹೊಳೆಯುತ್ತಿದ್ದ 'ವಾಷಿಂಗ್ಟನ್ ಆ್ಯಪಲ್' ಅದೇ. 2019ರಲ್ಲಿ ಭಾರತ ಅಮೆರಿಕದ ಸೇಬಿನ ಆಮದು ಸುಂಕವನ್ನು 50ರಿಂದ 70 ಶೇಕಡಾಕ್ಕೆ ಏರಿಸಿ, 2023ರಲ್ಲಿ ಮತ್ತೆ 50ಕ್ಕೆ ಇಳಿಸಿತು. ತಮಾಷೆಯೆಂದರೆ ನಮ್ಮ ಹಿಮಾಚಲದ ಸೇಬಿಗೂ ಬೇರು ಅಮೆರಿಕದ್ದೇ. ಅಮೆರಿಕದಿಂದ ಬಂದು ಹಿಮಾಚಲದಲ್ಲಿ ನೆಲೆಸಿದ ಸ್ಯಾಮುಯೆಲ್ ಸ್ಟೋಕ್ಸ್, ಮುಂದೆ ಸತ್ಯಾನಂದ ಸ್ಟೋಕ್ಸ್ ಆದವರು, 1916ರಲ್ಲಿ ಕೋಟಗಢಕ್ಕೆ ತಂದು ನೆಟ್ಟದ್ದು ಇದೇ ಡೆಲಿಷಸ್ ವಂಶವನ್ನು. ನಮ್ಮಲ್ಲಿ ಸೇಬು ಹೆಚ್ಚಾಗಿ ಆಸ್ಪತ್ರೆಗೆ ಹೋಗುವಾಗ ಕೊಳ್ಳುವ ಹಣ್ಣು. ಹಾಸಿಗೆ ಪಕ್ಕದ ಸ್ಟೂಲಿನ ಮೇಲಿಟ್ಟಾಗ ಎದ್ದು ಕಾಣಬೇಕು. ರೋಗಿಗೆ ರುಚಿಸಿತೇ ಎಂದು ಯಾರೂ ಕೇಳುವುದಿಲ್ಲ.

ದೊಡ್ಡಮ್ಮ ಬೀಜ ಕಟ್ಟಿಕೊಂಡು ಹೋಗಬೇಕೆಂದಿದ್ದಾರೆ. ಬೀಜದಿಂದ ತಾಯಿಮರದ ಹಣ್ಣೇ ಬರುವುದಿಲ್ಲ. ಸೇಬು ತನ್ನದೇ ತಳಿಯ ಪರಾಗಕ್ಕೆ ಸಾಮಾನ್ಯವಾಗಿ ಕಾಯಿ ಕಚ್ಚದು. ಹತ್ತಿರದಲ್ಲಿ ಅದೇ ಹೊತ್ತಿಗೆ ಹೂಬಿಡುವ ಬೇರೆ ತಳಿ ಮತ್ತು ಜೇನ್ನೊಣ ಬೇಕು. ಹಾಗಾಗಿ ಪ್ರತಿ ಬೀಜವೂ ಬೆರಕೆ, ಹೆಚ್ಚಿನವು ಹುಳಿ ಒಗರು. ಒಳ್ಳೆಯ ತಳಿ ಬೇಕಾದರೆ ಕಸಿಯೇ ದಾರಿ. ಎಂ9 ಎಂಬ ಗಿಡ್ಡ ಬೇರುಗಿಡಕ್ಕೆ ಕಟ್ಟಿದರೆ ಎಂಟು–ಹತ್ತು ಅಡಿಯಲ್ಲಿ ನಿಂತು ಎರಡು ಮೂರು ವರ್ಷಕ್ಕೇ ಫಲ ಬಿಡುತ್ತದೆ, ಆದರೆ ಬೇರು ಬಡ, ಕೊನೆವರೆಗೂ ಊರುಗೋಲು ಬೇಕು. ಇನ್ನು ಚಳಿ. ಹೆಚ್ಚಿನ ತಳಿಗಳಿಗೆ 7 ಡಿಗ್ರಿಗಿಂತ ಕೆಳಗೆ 800–1000 ಗಂಟೆ ಸಿಗದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ದಾವಣಗೆರೆಯಲ್ಲಿ ಅದೆಲ್ಲಿ? ಅಲ್ಪ ಚಳಿಗೆ ಸಾಕೆನ್ನುವ ಅನ್ನಾ, ಹಿಮಾಚಲದ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಂಎನ್‌-99 ತರಹದ ತಳಿಗಳನ್ನು ಬಿಸಿಲ ನಾಡುಗಳಲ್ಲೂ ಬೆಳೆಯುತ್ತಾರೆ. ಅಲ್ಲಿ ಎಲೆ ತಾನಾಗಿ ಉದುರದಿದ್ದರೆ ಕೈಯಿಂದಲೇ ಬಿಡಿಸಿ ಹೊಸ ಚಿಗುರಿಗೆ ದಾರಿ ಮಾಡಬೇಕು.

ಇಲ್ಲಿ ಗಿಡವಿರುವ ಕನ್ನಡದ ಮನೆಗಳಲ್ಲಿ ತಪ್ಪುವುದು ಮುಖ್ಯವಾಗಿ ಒಂದೇ ಕಡೆ: ಕಾಯಿ ಕಿತ್ತೆಸೆಯಲು ಮನಸ್ಸು ಬರುವುದಿಲ್ಲ. ಹೂ ಅರಳಿದ ನಾಲ್ಕಾರು ವಾರದೊಳಗೆ ಪ್ರತಿ ಗೊಂಚಲಿನಲ್ಲೂ ದೊಡ್ಡದೊಂದನ್ನು ಬಿಟ್ಟು ಉಳಿದದ್ದು ತೆಗೆಯಬೇಕು, ಕಾಯಿಂದ ಕಾಯಿಗೆ 15–20 ಸೆಂಟಿಮೀಟರ್ ಇರಬೇಕು. ತೆಗೆಯದಿದ್ದರೆ ಹಣ್ಣು ನಿಂಬೆಗಾತ್ರ. ಸಾಲದ್ದಕ್ಕೆ ಎಳೆಬೀಜಗಳು ಬಿಡುವ ಜಿಬ್ಬರೆಲಿನ್ ಎಂಬ ಹಾರ್ಮೋನು ಮುಂದಿನ ವರ್ಷದ ಹೂಮೊಗ್ಗು ಕಟ್ಟದಂತೆ ತಡೆಯುತ್ತದೆ. ಒಂದು ವರ್ಷ ಕೊಂಬೆ ಮುರಿಯುವಷ್ಟು, ಮರುವರ್ಷ ಬೋಳು. ಕಾಯಿ ತೆಗೆಯುವಾಗಲೇ ಉಳಿದದ್ದಕ್ಕೆ ಕಾಗದದ ಚೀಲ ಕಟ್ಟಿದರೆ ಹುಳದ ಕಾಟ ಬಹುಪಾಲು ತಪ್ಪುತ್ತದೆ. ನೇರವಾಗಿ ಬೀಜದ ಗೂಡಿಗೆ ಹೋಗಿ ಹಿಕ್ಕೆ ಬಿಟ್ಟಿದ್ದರೆ ಕಾಡ್ಲಿಂಗ್ ಪತಂಗದ ಹುಳ. ತಿರುಳಿನಲ್ಲಿ ಅಡ್ಡಾದಿಡ್ಡಿ ಕಂದು ಗೆರೆಗಳಿದ್ದರೆ ಸೇಬಿನ ನೊಣದ್ದು. ಆ ನೊಣ ಸಿಯಾಟಲ್ ಕಡೆ ನೆಲೆಸಿದೆ, ರಾಜ್ಯದ ಪೂರ್ವಕ್ಕೆ, ಕ್ಯಾಸ್ಕೇಡ್ ಬೆಟ್ಟಸಾಲಿನಾಚೆ ಇರುವ ತೋಟಗಳ ಬಹುಭಾಗಕ್ಕೆ ತಲುಪಿಲ್ಲ. ಅದಕ್ಕೇ ಹಿತ್ತಲ ಸೇಬನ್ನು ಆ ಕಡೆ ಒಯ್ಯಬಾರದೆಂದು ಹೆದ್ದಾರಿಯಲ್ಲಿ ಫಲಕ ಹಾಕಿದ್ದಾರೆ. ಪ್ರವಾಸಕ್ಕೆ ಬುತ್ತಿ ಕಟ್ಟುವವರು ನೆನಪಿಡಿ.

ಯುಗಾದಿಗೆ ಮಾವಿನಕಾಯಿ ಸಿಗದಿದ್ದಾಗ ಗ್ರಾನಿ ಸ್ಮಿತ್ ಎಂಬ ಹಸಿರು, ಹುಳಿ ಸೇಬು ನೆರವಿಗೆ ಬರುತ್ತದೆ. ತೊಕ್ಕಿಗೆ ನಾಲ್ಕು ದೊಡ್ಡ ಕಾಯಿ ಸಿಪ್ಪೆಸಮೇತ ತುರಿದು, ತಕ್ಷಣ ಒಂದೂವರೆ ಚಮಚ ಉಪ್ಪು, ಎರಡು ನಿಂಬೆಯ ರಸ ಕಲಸಬೇಕು, ತಡವಾದರೆ ಕಂದಾಗುತ್ತದೆ. ಅರ್ಧ ಬಟ್ಟಲು ಎಳ್ಳೆಣ್ಣೆಗೆ ಸಾಸಿವೆ, ಇಂಗು, ಅರಿಶಿನ ಹಾಕಿ, ತುರಿ ಸೇರಿಸಿ, ಎಣ್ಣೆ ಬಿಡುವವರೆಗೆ ಕೈಯಾಡಿಸಿ. ಮಾವಿಗಿಂತ ಹೆಚ್ಚು ನೀರು ಬಿಡುವುದರಿಂದ ಇಪ್ಪತ್ತು ನಿಮಿಷವಾದರೂ ಬೇಕು. ಕೊನೆಗೆ ಎರಡು ಚಮಚ ಖಾರದಪುಡಿ, ಅರ್ಧ ಟೀ ಚಮಚ ಹುರಿದ ಮೆಂತ್ಯದ ಪುಡಿ. ಮಾವಿನಷ್ಟು ಹುಳಿಯಿಲ್ಲ, ಹಾಗಾಗಿ ಭರಣಿಯಲ್ಲಿಟ್ಟು ಮರೆಯುವಂತಿಲ್ಲ. ಫ್ರಿಜ್‌ನಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸಿ.

ಊರಿನಲ್ಲಿ ಸೇಬು ಕೊಳ್ಳುವಾಗ ತೊಟ್ಟಿನ ಗುಳಿ ನೋಡಿ. ಅಲ್ಲಿ ಹಸಿರಿದ್ದರೆ ಬೇಡ, ಹಳದಿಯಿದ್ದರೆ ಮೂಸಿ ನೋಡಿ. ಆಗಸ್ಟ್‌ನಿಂದ ಶಿಮ್ಲಾದ್ದು, ಸೆಪ್ಟೆಂಬರ್ ಕೊನೆಯಿಂದ ಇನ್ನೂ ಎತ್ತರದ ಕಿನ್ನೌರ್‌ನದು ಬರುತ್ತದೆ. ಗೀರುಗೀರಾಗಿ, ಅರ್ಧ ಹಳದಿಯಾಗಿ, ಹೊಳಪಿಲ್ಲದೆ ಇರುವ ಹಣ್ಣನ್ನು ಗಾಡಿಯವರು ಸಾಮಾನ್ಯವಾಗಿ ಕಡಿಮೆ ಬೆಲೆಗೆ ಹಿಂದೆ ಗುಡ್ಡೆ ಹಾಕಿರುತ್ತಾರೆ. ಅದರಲ್ಲಿ ಆರಿಸಿ.