ಡನ್‌ಕ್ವಿನ್‌ನಲ್ಲಿ ಬಂಡೆಬಂಡೆಗೂ ಹೆಸರು

ಐರ್ಲೆಂಡಿನ ನೈಋತ್ಯ ಕರಾವಳಿಯ ಡಿಂಗಲ್ ಪರ್ಯಾಯ ದ್ವೀಪಕ್ಕೆ ಹೋಗ್ತೀರಾ? ಹಾಗಾದರೆ ಐರಿಷ್ ಹೆಸರುಗಳೂ ಇರುವ ಮ್ಯಾಪ್ ಕೊಳ್ಳಿ. ಈ ಪರ್ಯಾಯ ದ್ವೀಪದ ಪಶ್ಚಿಮದ ತುದಿ ಗೇಲ್ಟಾಕ್ಟ್, ಅಂದರೆ ಐರಿಷ್ ಗೇಲಿಕ್ ಇವತ್ತಿಗೂ ಮನೆಮಾತಾಗಿರುವ ಸೀಮೆ. ಊರಿನ ಬೋರ್ಡುಗಳೂ ಐರಿಷ್‌ನಲ್ಲೇ. ಕಾರು ಬಾಡಿಗೆಗೆ ಕೊಟ್ಟವರ ಮ್ಯಾಪಿನಲ್ಲಿ ಬರೀ ಇಂಗ್ಲಿಷ್ ಹೆಸರು. ಒಂದೇ ಊರು ಅದರಲ್ಲಿ ವೆಂಟ್ರಿ, ಬೋರ್ಡಿನಲ್ಲಿ ಕ್ಯೌನ್ ತ್ರಾ. ಮಳೆಯಲ್ಲಿ ಊರು ದಾಟಿ ಎಲ್ಲಿಗೋ ಹೋಗಿಬಿಟ್ಟೆವು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಡಿಂಗಲ್ ಪೇಟೆಯಲ್ಲಿ ಗಿಫ್ಟ್ ಅಂಗಡಿ ಜಾಸ್ತಿ, ನನಗೆ ಹಿಡಿಸಲಿಲ್ಲ. ಮನಸ್ಸು ನಿಂತದ್ದು ಪಶ್ಚಿಮ ತುದಿಯ ಹಳ್ಳಿ ಡನ್‌ಕ್ವಿನ್‌ನಲ್ಲಿ. ನಾವು ಉಳಿದಿದ್ದ ಮನೆಯ ಅಜ್ಜಿ ಸಂಜೆ ಕಡಲಂಚಿಗೆ ಕರೆದುಕೊಂಡು ಹೋದರು. ಎದುರಿಗೆ ಬ್ಲಾಸ್ಕೆಟ್ ದ್ವೀಪಗಳು. ಉತ್ತರದ ದ್ವೀಪ ತೋರಿಸಿ, "ಏನು ಕಾಣ್ತಿದೆ?" ಅಂದರು. ಹಣೆ, ಮೂಗು, ಉಬ್ಬಿದ ಹೊಟ್ಟೆ. ಒಬ್ಬ ಮನುಷ್ಯ ನೀರಿನ ಮೇಲೆ ಅಂಗಾತ ಮಲಗಿದ್ದಾನೆ! "ಅನ್ ಫ್ಯಾರ್ ಮರವ್. ಸತ್ತ ಮನುಷ್ಯ" ಅಂದರು. ಮ್ಯಾಪಿನಲ್ಲಿರುವ ಹೆಸರಿನ ಅರ್ಥ ಸುಮ್ನೆ 'ಉತ್ತರದ ದ್ವೀಪ'.

ಅಜ್ಜಿಗೆ ವೆಂಟ್ರಿಯ ಕಥೆ ಹೇಳಿದೆ. ಕ್ಯೌನ್ ತ್ರಾ ಅಂದರೆ ಮರಳ ತೀರದ ತಲೆ. ಆದರೆ ತಮ್ಮ ಮನೆಯಲ್ಲಿ ಹೇಳುತ್ತಿದ್ದದ್ದು ಫಿಯನ್ ತ್ರಾ, ಬಿಳಿ ಮರಳ ತೀರ ಅಂದರು. ಅದೇ ಇಂಗ್ಲಿಷರ ಬಾಯಲ್ಲಿ ವೆಂಟ್ರಿ ಆಗಿದ್ದು. ಹತ್ತಿರದ ಭೂಶಿರ ಸ್ಲೀ ಹೆಡ್ ಕೂಡ ಹಾಗೇ. ಮೂಲ ಹೆಸರು ಕ್ಯೌನ್ ಶ್ಲೇವೆ, ಬೆಟ್ಟದ ತಲೆ. ತಲೆಯನ್ನು ಅನುವಾದ ಮಾಡಿ ಬೆಟ್ಟವನ್ನು ಬರೀ ಸದ್ದಾಗಿ ಬಿಟ್ಟರು. 1824ರಲ್ಲಿ ಶುರುವಾದ ಬ್ರಿಟಿಷ್ ಸರ್ವೇ ಇಂಥ ಸ್ಪೆಲಿಂಗುಗಳನ್ನು ಮ್ಯಾಪಿನಲ್ಲಿ ಗಟ್ಟಿ ಮಾಡಿತು. ನನಗೆ ಇದು ಅನ್ಯಾಯ ಅನ್ನಿಸಿತು. ಬೋರ್ಡು ಐರಿಷ್‌ನಲ್ಲಿ ಇರಬೇಕಾದ್ದೇ, ಅಲ್ವಾ?

ಅಜ್ಜಿಯ ಬೆರಳು ದಡದುದ್ದಕ್ಕೂ ಓಡಿತು. ಬಂಡೆ ಸೀಳಿ ಸಮುದ್ರ ಒಳನುಗ್ಗಿದ ಕಡೆ 'ಕೂಅಸ್'. ಒಂದೊಂದು ಕೂಅಸ್‌ಗೂ ಬೇರೆ ಹೆಸರು. ಎದುರಿನ ದೊಡ್ಡ ದ್ವೀಪದ ಕೊನೆಯ ಜನರನ್ನು 1953ರಲ್ಲಿ ಸರ್ಕಾರ ಈ ಕಡೆಗೆ ಕರೆತಂದಿತು. ಖಾಲಿ ದ್ವೀಪದ ಹೆಸರುಗಳೂ ಅಜ್ಜಿಗೆ ಬಾಯಿಪಾಠ.

"ನಿಮ್ಮ ಮೊಮ್ಮಗನಿಗೆ ಇವೆಲ್ಲ ಗೊತ್ತಾ?" ಅಂತ ಕೇಳಿದೆ.

"ಮೀನಿಗೆ ಹೋಗ್ತಾನೆ. ಹೆಸರು ಗೊತ್ತಿಲ್ಲದಿದ್ದರೆ ಬಲೆ ಎಲ್ಲಿ ಬಿಟ್ಟೆ ಅಂತ ಹೇಗೆ ಹೇಳ್ತಾನೆ?"

ಮರುದಿನ ಗಾಳಿ ಜೋರು, ದ್ವೀಪಕ್ಕೆ ದೋಣಿ ಬಿಡಲಿಲ್ಲ. ನೀವು ಹೋದರೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಹೊರಡುವ ಮುಂಚೆ ಐರ್ಲೆಂಡಿನ ಊರುಹೆಸರುಗಳ ಡೇಟಾಬೇಸ್ 'ಲೋಗನಿಮ್' ನೋಡಿ. ಎಷ್ಟೋ ಹೆಸರುಗಳ ಉಚ್ಚಾರಣೆಯನ್ನು ಅಲ್ಲಿ ಕೇಳಿಸಿಕೊಳ್ಳಬಹುದು.