ಡಬರಿಯೊಳಗೆ ಸಿಡಿದ ಕನಕಾಂಬರ

ಕನಕಾಂಬರಕ್ಕೆ ವಾಸನೆ ಇಲ್ಲ. ಆದರೂ ಮಾರ್ಕೆಟ್ಟಿನಲ್ಲಿ ಮಲ್ಲಿಗೆಯ ಪಕ್ಕದಲ್ಲೇ ಕೂತು ಮೊಳದ ಲೆಕ್ಕದಲ್ಲಿ ಬಿಕರಿಯಾಗುತ್ತದೆ. ಹೂ ಹಗುರ, ಬೇಗ ಬಾಡುವುದಿಲ್ಲ, ಬಣ್ಣವಂತೂ ಕೇಳಲೇಬೇಡಿ.

ತುಮಕೂರಿನ ದೊಡ್ಡಮ್ಮನ ಹಿತ್ತಲಲ್ಲಿ ಎರಡು ಬಗೆ ಇವೆ. ಒಂದು ನಾಟಿ. ಇನ್ನೊಂದು ಡೆಲ್ಲಿ ಕನಕಾಂಬರ, ನೋಡೋಕೆ ಜಾಸ್ತಿ ಚೆಂದ. ಕಳೆದ ಡಿಸೆಂಬರ್‌ನಲ್ಲಿ ಹೋದಾಗ ಅದರ ಬೀಜ ಕೊಡಿ ಅಂದೆ.

"ಅದು ಬೀಜ ಕಟ್ಟಲ್ಲ ಕಣೇ. ಕಡ್ಡಿ ತಗೊಂಡು ಹೋಗು" ಅಂದರು.

ದೊಡ್ಡಮ್ಮ ಹೇಳಿದ್ದು ಸರಿ. ಡೆಲ್ಲಿ ಗಿಡದಲ್ಲಿ ಕ್ರೋಮೋಸೋಮುಗಳು, ಅಂದರೆ ವಂಶದ ಗುಣ ಹೊತ್ತ ಎಳೆಗಳು, ಮೂರು ಸೆಟ್ ಇವೆ. ಬೀಜ ಕಟ್ಟಬೇಕಾದರೆ ಮೊದಲು ಈ ಸೆಟ್‌ಗಳು ಅರ್ಧರ್ಧ ಹಂಚಿಕೆಯಾಗಬೇಕು; ಮೂರನ್ನು ಸಮಪಾಲು ಮಾಡೋದು ಹೇಗೆ? ಹಾಗಾಗಿ ಬೀಜ ನಿಲ್ಲುವುದಿಲ್ಲ. ಬೀಜವಿಲ್ಲದ ಕಲ್ಲಂಗಡಿಯದೂ ಇದೇ ಕಥೆ.

"ಬೀಜವೇ ಬೇಕಂದ್ರೆ ಬಾ ಇಲ್ಲಿ" ಅಂತ ನಾಟಿ ಗಿಡದ ಒಣಗಿದ ತೆನೆಗಳನ್ನು ಕತ್ತರಿಸಿ ಡಬರಿಗೆ ಹಾಕಿದರು. ನೀರು ಚಿಮುಕಿಸಿ ತಟ್ಟೆ ಮುಚ್ಚಿದರು. ಸುಮ್ನೆ ಕೂತೆವು. ಸ್ವಲ್ಪ ಹೊತ್ತಿಗೆ ಟಪ್ ಅಂತ ಒಂದು ಸದ್ದು. ಆಮೇಲೆ ಒಗ್ಗರಣೆಯ ಸಾಸಿವೆಯಂತೆ ಚಟಪಟ! ತಡೆಯಲಾಗದೆ ತಟ್ಟೆ ಎತ್ತಿದೆ. ಒಂದು ಬೀಜ ಹಾರಿ ಬಂದು ಕನ್ನಡಕಕ್ಕೆ ಬಡಿಯಿತು. ದೊಡ್ಡಮ್ಮನಿಗೆ ನಕ್ಕು ನಕ್ಕು ಕೆಮ್ಮು.

ಒಣಗಿದ ಕಾಯಿ ಒದ್ದೆಯಾದರೆ ಸಾಕು, ಎರಡು ಹೋಳಾಗಿ ಸೀಳುತ್ತದೆ. ಒಳಗೆ ಬೀಜದ ಬುಡದಲ್ಲೇ ಸಣ್ಣ ಕೊಕ್ಕೆಗಳಿವೆ. ಅವು ಬೀಜವನ್ನು ದೂರ ಎಸೆಯುತ್ತವೆ. ಒಂದು ಕಾಯಿಗೆ ಹೆಚ್ಚೆಂದರೆ ನಾಲ್ಕು ಬೀಜ. ಮಳೆ ಬೀಳುವಾಗಲೇ ಬೀಜ ಚೆಲ್ಲುವ ಲೆಕ್ಕಾಚಾರ ನೋಡಿ, ಎಂಥಾ ಜಾಣತನ ಅಲ್ವಾ! ಒದ್ದೆ ಬೀಜಕ್ಕೆ ಲೋಳೆ ಬೇರೆ ಬರುತ್ತದೆ. ತಟ್ಟೆಗೆ ಅಂಟಿದ್ದನ್ನು ಉಗುರಿನಲ್ಲಿ ಬಿಡಿಸಿಕೊಂಡೆ.

ಈ ಗಿಡಕ್ಕೆ ಚಳಿ ಆಗುವುದಿಲ್ಲ. ಅದಕ್ಕೇ ಬೀಜ ಹಾಕಲು ಶಿವರಾತ್ರಿ ಕಳೆಯಲಿ ಅಂದರು. ಡೆಲ್ಲಿಯ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಂಗಳೂರಿಗೆ ತಂದೆ. ಕೆಳಗಿನ ಎಲೆ ಕಿತ್ತು, ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು ನೆರಳಿಗಿಟ್ಟೆ. ಎರಡು ಬೇರು ಹಿಡಿದವು. ಅದರಲ್ಲೊಂದು ಗೇಣುದ್ದ ಆಗುವ ಮೊದಲೇ ತೆನೆ ಬಿಟ್ಟಿದೆ.

"ಮೊದಲನೇ ತೆನೆ ಚಿವುಟಿ ಹಾಕು, ಗಿಡ ಕವಲೊಡೆಯುತ್ತೆ" ಅಂತ ದೊಡ್ಡಮ್ಮ ಫೋನ್ ಮಾಡಿದಾಗೆಲ್ಲ ಹೇಳುತ್ತಾರೆ. ನಾನು ಹೂಂ ಅನ್ನುತ್ತೇನೆ. ಇನ್ನೂ ಚಿವುಟಿಲ್ಲ.